ಗಂಗಮ್ಮನ ವ್ಯಾನಿನ ಕೆಂಪು ದೀಪ

ನಮ್ಮೂರಲ್ಲಿ ಗಾಡಿ ಓಡಿಸುವವರು ಯಾರ ಮೇಲಾದರೂ ಸಿಟ್ಟನ್ನು ಹೇಳದೆ ಹೊಟ್ಟೆಯಲ್ಲೇ ಇಟ್ಟುಕೊಂಡರೆ ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪ ಕೆಂಪಗೆ ಹತ್ತಿಕೊಳ್ಳುತ್ತದೆ. ಹೋಗಿ ಆ ಮನುಷ್ಯನ ಮುಖಕ್ಕೆ ಹೇಳಿ ಬಂದರೆ ಆರುತ್ತದೆ. ಅಷ್ಟೆ. ಹೊರಗಿನವರು ಕೇಳಿದರೆ ನಗುತ್ತಾರೆ, ನಗಲಿ ಬಿಡಿ. ನಮಗೆ ದಿನಾ ಬೆಳಗಾದರೆ ಕಾಣುವುದೇ ಇದು. ಟೊಮೆಟೊ ಟೆಂಪೊ ರಸ್ತೆ ಮಧ್ಯೆ ನಿಂತಿರುತ್ತದೆ, ಡ್ರೈವರ್ ಇಳಿದುಹೋಗಿ ಅಣ್ಣನ ಮನೆಯ ಬಾಗಿಲು ಬಡಿಯುತ್ತಿರುತ್ತಾನೆ. "ನಾಮಕರಣಕ್ಕೆ ಎಲ್ಲರನ್ನೂ ಕರೆದು ನನ್ನ ಕೊನೇಲಿ ಕರೆದ್ರಲ್ಲ, ಅದು ಸರಿನಾ?" ಅಣ್ಣ ಲುಂಗಿ ಎತ್ತಿ ಕಟ್ಟಿಕೊಳ್ಳುತ್ತಾ ಬಂದು "ಮರೆತುಹೋಗಿತ್ತು ಕಣೋ, ತಪ್ಪಾಯ್ತು" ಅನ್ನುತ್ತಾನೆ. ಹಿಂದೆ ಸಾಲುಗಟ್ಟಿದ ಗಾಡಿಗಳವರು ಒಂದು ಮಾತಾಡದೆ ಕಾಯುತ್ತಾರೆ. ಇವತ್ತು ಅವನದು, ನಾಳೆ ನಮ್ಮದು.

ಇಂಥ ಊರಲ್ಲಿ ನಾನು ಆಟೋ ಎಲೆಕ್ಟ್ರಿಷಿಯನ್! ನನ್ನ ಹಣೆಬರಹ ನೋಡಿ. ಹೆದ್ದಾರಿ ಪಕ್ಕದ, ಲಾರಿಗಳು ನಿಲ್ಲುವ ಊರೊಂದರಲ್ಲಿ ಇಮಾಮ್ ಉಸ್ತಾದರ ಕೈಕೆಳಗೆ ಆರು ವರ್ಷ ವೈರಿಂಗ್ ಕೆಲಸ ಕಲಿತು, ಮದುವೆಯಾಗಿ ಇಲ್ಲಿಗೆ ಬಂದೆ. ವೋಲ್ಟ್ ಅಳೆಯುವ ಮೀಟರ್ ಹಿಡಿಯುವುದಕ್ಕೆ ಮುಂಚೆ ಬಾಯಿ ತೆರೆದರೆ ಉಸ್ತಾದರು ಸ್ಕ್ರೂ ಡ್ರೈವರಿನ ಹಿಡಿಯಿಂದ ಗೆಣ್ಣಿಗೆ ಕುಟ್ಟುತ್ತಿದ್ದರು. ಇಲ್ಲಿ ಆ ಮೀಟರನ್ನು ಕೇಳುವವರೇ ಇಲ್ಲ. ಹಾರನ್ ಕೆಟ್ಟರೆ, ಬಲ್ಬ್ ಸುಟ್ಟರೆ, ವೈಪರ್ ನಿಂತರೆ ನನ್ನ ಅಂಗಡಿಗೆ ಬರುತ್ತಾರೆ. ಕೆಂಪು ದೀಪ ಹತ್ತಿದರೆ ಮಾತ್ರ ಅಂಗಡಿ ದಾಟಿ ಹೋಗುತ್ತಾರೆ, ನೆಂಟರ ಮನೆಗೆ. ಹದಿನಾಲ್ಕು ವರ್ಷದಲ್ಲಿ ನಾನೂ ಊರಿನವಳೇ ಆಗಿಬಿಟ್ಟಿದ್ದೆ. ದೀಪ ಅಂದರೆ ಸಿಟ್ಟು, ಸಿಟ್ಟು ಅಂದರೆ ದೀಪ. ಅದು ಸುಳ್ಳೂ ಅಲ್ಲವಲ್ಲ, ಸಾವಿರ ಸಲ ಕಣ್ಣಾರೆ ಕಂಡಿದ್ದೇನೆ.

ದೀಪಕ್ಕೆ ಒಂದಷ್ಟು ಕಟ್ಟುಪಾಡೂ ಇದೆ. ದೀಪ ಉರಿಯುವ ಗಾಡಿಯ ಬಾನೆಟ್ ಯಾರೂ ಎತ್ತುವಂತಿಲ್ಲ, ಅದರ ಡ್ರೈವರ್ ಸೀಟಿನಲ್ಲಿ ಬೇರೆಯವರು ಕೂರುವಂತಿಲ್ಲ. ಹಿಂದೆ ಯಾವನೋ ಕಿಲಾಡಿ ಬಲ್ಬನ್ನೇ ಕಿತ್ತುಹಾಕಿ ಎರಡು ವರ್ಷ ತಮ್ಮನ ಮೇಲೆ ಹಗೆ ಸಾಧಿಸಿದನಂತೆ, ಆಮೇಲೆ ಬಂದದ್ದು ಇದು. ಐದು ದಿನ ಕಳೆದರೂ ದೀಪ ಆರದಿದ್ದರೆ ಆರನೆಯ ದಿನ ಬೆಳಗ್ಗೆ ಹತ್ತು ಗಂಟೆಗೆ ಕೀಲಿಯನ್ನು ಊರಿನ ಗಾಡಿ ಸ್ಟ್ಯಾಂಡ್ ಕಮಿಟಿಯ ಕೈಗೆ ಕೊಡಬೇಕು. ಅಂಥವರು ಮತ್ತೆ ಈ ಜನ್ಮದಲ್ಲಿ ಸ್ಟೀರಿಂಗ್ ಮುಟ್ಟುವ ಹಾಗಿಲ್ಲ.

ಆ ಸೋಮವಾರ ಬೆಳಗ್ಗೆ ಸಿದ್ಧಗಂಗಮ್ಮ ತನ್ನ ವ್ಯಾನನ್ನು ನನ್ನ ಅಂಗಡಿಯ ಮುಂದೆ ತಂದು ನಿಲ್ಲಿಸಿದಳು. ಒಳಗೆ ಇಪ್ಪತ್ತೆರಡು ಮಕ್ಕಳು ಕಚಪಚ ಅನ್ನುತ್ತಿದ್ದವು. ಊರಿನ ಶಾಲೆಗೆ ಇರುವುದು ಅದೊಂದೇ ವ್ಯಾನು. ಗಂಗಮ್ಮ ನನ್ನ ಓರಗೆಯವಳು, ಗೆಳತಿ. ಗಂಡ ಹೋದ ಮೇಲೆ ಓರಗಿತ್ತಿ ಸರ್ವಮಂಗಳನ ಅಡುಗೆಮನೆಯಲ್ಲಿ ಒಂಬತ್ತು ವರ್ಷ ಹಪ್ಪಳ ಲಟ್ಟಿಸಿದವಳು. ನಲವತ್ತೊಂದನೆಯ ವಯಸ್ಸಿಗೆ, ಯಾರಿಗೂ ಹೇಳದೆ, ಒಣಗಿದ ಕೆರೆಯಂಗಳದಲ್ಲಿ ನನ್ನ ಗಂಡ ಪರಮೇಶಿಯ ಕಾರಿನಲ್ಲಿ ಡ್ರೈವಿಂಗ್ ಕಲಿತಳು. ಮೊದಲ ದಿನ ವ್ಯಾನು ಮನೆ ಮುಂದೆ ತಂದು ನಿಲ್ಲಿಸಿದಾಗ ಸರ್ವಮಂಗಳನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಸ್ಟೀರಿಂಗ್ ಹಿಡಿದ ಮೇಲೆಯೇ ಗಂಗಮ್ಮ ನಗುವುದನ್ನು ಕಲಿತದ್ದು ಅಂದರೆ ಹೆಚ್ಚಲ್ಲ.

"ಪಂಕಜಿ, ದೀಪ ಹತ್ಬಿಟ್ಟಿದೆ ಕಣೆ," ಅಂದಳು. "ನನ್ನ ಹೊಟ್ಟೇಲಿ ಏನೂ ಇಲ್ಲ. ಎಷ್ಟು ಹುಡುಕಿದ್ರೂ ಸಿಗ್ತಿಲ್ಲ."

"ಇಲ್ಲ ಅನ್ನೋರಿಗೇ ಅದು ಹತ್ತೋದು," ಅಂದೆ. ಎಲ್ಲರೂ ಹೇಳುವ ಮಾತನ್ನೇ ಹೇಳಿದೆ. "ಮಕ್ಕಳನ್ನ ಬಿಟ್ಟು ಸೀದಾ ಸರ್ವಮಂಗಳನ ಹತ್ರ ಹೋಗು. ಒಂಬತ್ತು ವರ್ಷದ ಹಪ್ಪಳ ಸುಮ್ನೆ ಹೋಗುತ್ತಾ?"

ಹೋದಳು. ಹಪ್ಪಳದ ವಿಷಯವನ್ನೆಲ್ಲ ನಾಲ್ಕು ವರ್ಷದ ಹಿಂದೆಯೇ ಹೇಳಿ ಮುಗಿಸಿದ್ದಳಂತೆ, ಪಾಪ, ಆದರೂ ಇನ್ನೊಂದು ಸಲ ಹೇಳಿದಳು. ದೀಪ ಆರಲಿಲ್ಲ. ಸರ್ವಮಂಗಳ ಮೂಗು ಮುರಿದು "ಇನ್ನೂ ಏನೇನು ಗಂಟು ಕಟ್ಟಿಟ್ಟಿದ್ದೀಯೋ ತಾಯಿ, ಬಿಚ್ಚು" ಅಂದಳಂತೆ. ಮಂಗಳವಾರ ಗಂಗಮ್ಮ ಹಾಲಿನವನ ಹತ್ತಿರ ಹೋದಳು, ನೀರು ಬೆರೆಸುವುದರ ಬಗ್ಗೆ ಹೇಳಿದಳು. ಶಾಲೆಯ ಗುಮಾಸ್ತನ ಹತ್ತಿರ ಹೋದಳು. ಪಕ್ಕದ ಮನೆಯವರ ಮೇಕೆ ಅವಳ ನುಗ್ಗೆ ಗಿಡ ತಿಂದಿತ್ತು, ಆ ಮೇಕೆಯನ್ನೂ ಬಿಡಲಿಲ್ಲ. ಮೇಕೆಯ ಮುಂದೆ ನಿಂತು ಗಂಗಮ್ಮ "ನನಗೆ ಬೇಜಾರಾಗಿತ್ತು ಕಣಪ್ಪ" ಅನ್ನುತ್ತಿದ್ದುದನ್ನು ಕಂಡು ಜನ ನಕ್ಕರು. ನಾನೂ ನಕ್ಕೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಬುಧವಾರದ ಹೊತ್ತಿಗೆ ನಗು ನಿಂತಿತು. ಆರದ ದೀಪ ಅಂದರೆ ಜನಕ್ಕೆ ಭಯ. ತಾಯಂದಿರು ಮಕ್ಕಳ ಕೈಹಿಡಿದು ನಡೆಸಿಕೊಂಡೇ ಶಾಲೆಗೆ ಹೊರಟರು, ವ್ಯಾನು ಎದುರು ಬಂದರೆ ಆಚೆ ಬದಿಗೆ ಸರಿದರು. ಸ್ಟ್ಯಾಂಡ್ ಕಮಿಟಿಯ ಅಧ್ಯಕ್ಷ ರುದ್ರಮುನಿಯಪ್ಪ ಮನೆ ಬಾಗಿಲಿಗೇ ಬಂದು, "ನೋಡಮ್ಮ, ಇಷ್ಟು ದೊಡ್ಡ ವಿಷ ಇಟ್ಕೊಂಡು ಮಕ್ಕಳನ್ನ ಕೂರಿಸ್ಕೊಂಡು ಓಡಾಡ್ತಿದ್ಯಲ್ಲ, ನಿನಗೆ ದೇವರು ಒಳ್ಳೇದು ಮಾಡ್ತಾನಾ?" ಅಂದರು. ಗುರುವಾರ ಸರ್ವಮಂಗಳ ತನ್ನ ಅಡುಗೆಮನೆಯ ಮೂಲೆ ಗುಡಿಸಿ ಲಟ್ಟಣಿಗೆ ತೊಳೆದಿಟ್ಟಳು ಅನ್ನುವ ಸುದ್ದಿ ಬಂತು. ಶನಿವಾರ ಕೀಲಿ ಹೋದರೆ ಗಂಗಮ್ಮ ಮತ್ತೆ ಅಲ್ಲಿಗೇ. ಆ ಮೂಲೆಗೇ.

ಶುಕ್ರವಾರ ಬೆಳಗ್ಗೆ ಆರೂವರೆಗೆ ಅವಳ ಜೊತೆ ನಾನೂ ವ್ಯಾನು ಹತ್ತಿದೆ. ಹಳ್ಳದಾಚೆಯ ತೋಟದ ಊರಿನಲ್ಲಿ ಅವಳ ಏಳನೇ ಕ್ಲಾಸಿನ ಜೊತೆಗಾತಿ ಇದ್ದಾಳೆ, ಅವಳು ಬಳಪ ಕದ್ದದ್ದಕ್ಕೆ ಸಿಟ್ಟಿರಬಹುದೇನೋ ಎಂದು ಗಂಗಮ್ಮ ಹೊರಟಿದ್ದಳು. ಅಲ್ಲಿಗೆ ಬಂದಿತ್ತು ಸ್ಥಿತಿ. ಅವಳ ಕಣ್ಣ ಸುತ್ತ ಕಪ್ಪು ಕಟ್ಟಿತ್ತು. ಸೀರೆ ಉಡುವುದರಲ್ಲಿ ಅಚ್ಚುಕಟ್ಟಿನವಳು, ಸೆರಗಿಗೆ ಪಿನ್ನೇ ಹಾಕಿರಲಿಲ್ಲ.

"ಗಂಗಮ್ಮ, ನನ್ನ ಹತ್ರನಾದ್ರೂ ಹೇಳು," ಅಂದೆ. "ಯಾರ ಮೇಲೆ? ನಾನು ಯಾರಿಗೂ ಹೇಳಲ್ಲ."

ಅವಳು ರಸ್ತೆಯನ್ನೇ ನೋಡುತ್ತಿದ್ದಳು. ಹಳ್ಳದ ತಿರುವಿಗೆ ಬರುವಷ್ಟರಲ್ಲಿ ಮಂಜು ಮುಚ್ಚಿಕೊಂಡಿತು, ಹತ್ತು ಮಾರು ಮುಂದೆ ಏನೂ ಕಾಣದು. ಗಂಗಮ್ಮ ಹೆಡ್‌ಲೈಟ್ ಹಾಕಿದಳು. ಮಂಕಾಗಿ ಉರಿಯುತ್ತಿದ್ದ ಕೆಂಪು ದೀಪ ಧಿಗ್ಗನೆ ಪ್ರಖರವಾಯಿತು. ಮಂಜು ದಾಟಿದ ಮೇಲೆ ಆರಿಸಿದಳು, ಮತ್ತೆ ಮಂಕಾಯಿತು.

"ಇನ್ನೊಂದ್ಸಲ ಹಾಕು," ಅಂದೆ.

ಹಾಕಿದಳು. ಪ್ರಖರ. ವೈಪರ್ ಹಾಕು ಅಂದೆ. ಇನ್ನಷ್ಟು ಪ್ರಖರ. ಎಲ್ಲ ಆರಿಸು ಅಂದೆ. ಮಂಕು. ನನ್ನ ಗೆಣ್ಣು ಚುರುಗುಟ್ಟಿತು, ಉಸ್ತಾದರು ಪಕ್ಕದಲ್ಲೇ ಕೂತು ಕುಟ್ಟಿದ ಹಾಗೆ. ಅಲ್ಲ, ಹೆಡ್‌ಲೈಟ್ ಹಾಕಿದರೆ ಸಿಟ್ಟು ಜಾಸ್ತಿಯಾಗುತ್ತದೆಯೇ? ವೈಪರ್ ಆಡಿದರೆ ಹೊಟ್ಟೆಯೊಳಗಿನ ಹಗೆ ಹಿಗ್ಗುತ್ತದೆಯೇ?

"ಗಾಡಿ ತಿರುಗಿಸೇ," ಅಂದೆ. "ಬಳಪದವಳ ಮನೆ ಹಾಳಾಗ್ಲಿ. ತಿರುಗಿಸು!"

ಅವಳನ್ನು ಮನೆಗೆ ಕಳಿಸಿ ನಾನು ಸೀದಾ ಪರಮೇಶಿಯ ಹತ್ತಿರ ಹೋದೆ. ಒಂದು ಅಸಲಿ ಸಿಟ್ಟಿನ ದೀಪ ಬೇಕಿತ್ತು ನನಗೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು. ನನ್ನ ಗಂಡನಿಗಿಂತ ಒಳ್ಳೆಯ ಗಿರಾಕಿ ಎಲ್ಲಿ ಸಿಗುತ್ತಾನೆ? ಅಂಗಡಿಯೊಳಗೆ ಕಾರು ತರಿಸಿ ಶಟರ್ ಎಳೆದೆ.

"ನನ್ನ ಮೇಲೆ ಏನಾದ್ರೂ ಸಿಟ್ಟಿದೆಯಾ?"

"ಚೆ, ಚೆ. ನಿನ್ನ ಮೇಲೆ ನನಗೇನು ಸಿಟ್ಟು," ಅಂದ. ಸ್ಟಾರ್ಟ್ ಮಾಡಿದ. ದೀಪ ನಿಗಿನಿಗಿ ಅನ್ನುತ್ತಿತ್ತು.

ನಾನು ಬಾನೆಟ್ ಎತ್ತಿದೆ. ಅವನು "ಅಯ್ಯಯ್ಯೋ, ಉರಿಯೋ ಗಾಡಿ ಬಾನೆಟ್ ಎತ್ತಬಾರದು, ನಿನಗೇನು ಹುಚ್ಚಾ" ಎಂದು ಒದ್ದಾಡಿದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಬ್ಯಾಟರಿಗೆ ಮೀಟರ್ ಹಿಡಿದೆ. ಹದಿನಾಲ್ಕು ಪಾಯಿಂಟ್ ಎರಡು ವೋಲ್ಟ್. ಇಂಜಿನ್ ಓಡುವಾಗ ಎಷ್ಟಿರಬೇಕೋ ಅಷ್ಟೇ, ಒಂದು ಕೂದಲು ಹೆಚ್ಚುಕಡಿಮೆ ಇಲ್ಲ. ಹೆಡ್‌ಲೈಟ್ ಹಾಕಿಸಿದೆ. ಕೆಂಪು ದೀಪ ಏರಲೂ ಇಲ್ಲ, ಇಳಿಯಲೂ ಇಲ್ಲ. ಅಂದರೆ ಸಿಟ್ಟಿನ ದೀಪಕ್ಕೂ ಕರೆಂಟಿಗೂ ಸಂಬಂಧವೇ ಇಲ್ಲ! ಇಷ್ಟು ವರ್ಷ ಯಾರೂ ಮೀಟರ್ ಹಿಡಿದು ನೋಡಿರಲಿಲ್ಲ, ಬಾನೆಟ್ ಎತ್ತಬಾರದಲ್ಲ.

"ಈಗ ಹೇಳಿ, ಏನು ಸಿಟ್ಟು," ಅಂದೆ.

ಪರಮೇಶಿ ತಲೆ ಕೆರೆದುಕೊಂಡ. "ಗಂಗಮ್ಮನ ಗುಂಗಲ್ಲಿ ಮೂರು ದಿನದಿಂದ ಸಾರಿಗೆ ಉಪ್ಪೇ ಹಾಕಿಲ್ಲ ನೀನು." ದೀಪ ಆರಿತು. ನಾನು ಅವನ ಕೆನ್ನೆ ಹಿಂಡಿದೆ.

ಆದರೆ ಗಂಗಮ್ಮನ ವ್ಯಾನಿನ ಬಾನೆಟ್ಟನ್ನು ಹೀಗೆ ಶಟರ್ ಎಳೆದುಕೊಂಡು ಎತ್ತುವ ಹಾಗಿರಲಿಲ್ಲ. ರಿಪೇರಿ ಮಾಡಿ ದೀಪ ಆರಿಸಿದರೂ, ಬಲ್ಬ್ ಕಿತ್ತಳು ಅನ್ನುತ್ತಿದ್ದರು. ಮಾಡಿದರೆ ಹತ್ತು ಜನರೆದುರೇ ಮಾಡಬೇಕು. ಒಳಗೆ ಕೆಟ್ಟಿರುವುದು ಏನು ಅಂತ ನನಗೂ ಗೊತ್ತಿಲ್ಲ. ಬ್ಯಾಟರಿಗೆ ಕರೆಂಟ್ ಹುಟ್ಟಿಸುವ ಡೈನಮೋ ಪೂರಾ ಸುಟ್ಟಿದ್ದರೆ ಅಲ್ಲೇ ನಿಂತು ಏನು ಮಾಡುವುದು? ಹೊಸದು ತರಲು ಎರಡು ದಿನ ಬೇಕು, ಕೀಲಿ ಅಷ್ಟರಲ್ಲಿ ಕಮಿಟಿಯ ಪಾಲು.

ಶನಿವಾರ ಹತ್ತಕ್ಕೆ ಸ್ಟ್ಯಾಂಡಿನ ಮೈದಾನದಲ್ಲಿ ಊರೇ ನೆರೆದಿತ್ತು. ವ್ಯಾನು ನಡುವೆ ನಿಂತಿತ್ತು, ಇಂಜಿನ್ ಓಡುತ್ತಿತ್ತು, ಕೆಂಪು ದೀಪ ಉರಿಯುತ್ತಿತ್ತು. ಗಂಗಮ್ಮ ಸ್ಟೀರಿಂಗ್ ಮೇಲೆ ಎರಡೂ ಕೈಯಿಟ್ಟು ಕೂತಿದ್ದಳು. ಸರ್ವಮಂಗಳ ಮುಂದಿನ ಸಾಲಿನಲ್ಲೇ ನಿಂತಿದ್ದಳು. ರುದ್ರಮುನಿಯಪ್ಪ ಗಂಟಲು ಸರಿಮಾಡಿಕೊಂಡು ಕೈ ಚಾಚಿದರು.

"ಕೀಲಿ ಕೊಡಮ್ಮ."

"ಒಂದು ನಿಮಿಷ, ಅಪ್ಪಾರೆ," ಅಂದೆ. "ಇದು ಸಿಟ್ಟಿನ ದೀಪ ಅಲ್ಲ, ವೈರಿನ ದೀಪ. ನನಗೆ ಬಾನೆಟ್ ಎತ್ತೋಕೆ ಅಪ್ಪಣೆ ಕೊಡಿ."

ಗುಂಪಿನಲ್ಲಿ ಗುಜುಗುಜು ಎದ್ದಿತು. "ಬಲ್ಬ್ ಕೀಳ್ತಾಳೆ ಇವಳು, ಗೆಳತಿ ಅಲ್ವಾ!" ಎಂದು ಸರ್ವಮಂಗಳ ಕೂಗಿದಳು.

"ಬಲ್ಬ್ ಇರೋದು ಸ್ಟೀರಿಂಗ್ ಹಿಂದೆ. ನಾನು ಇರೋದು ಮುಂದೆ. ಅಪ್ಪಾರೆ, ನೀವೇ ಪಕ್ಕದ ಸೀಟಲ್ಲಿ ಕೂತು ದೀಪ ಕಾಯ್ಕೊಳ್ಳಿ. ನನ್ನ ಕೈ ಆ ಕಡೆ ಬಂದ್ರೆ ನನ್ನ ಅಂಗಡಿಗೂ ಬೀಗ ಹಾಕಿ."

ರುದ್ರಮುನಿಯಪ್ಪ ಮಾತಿನ ಮನುಷ್ಯ, ಮೋಸದವರಲ್ಲ. ಪಂಚೆ ಸರಿಮಾಡಿಕೊಂಡು ವ್ಯಾನು ಹತ್ತಿ ಕೂತರು. ಹೆಡ್‌ಲೈಟ್ ಹಾಕಿಸಿ ದೀಪ ನೋಡಿ ಅಂದೆ, ಆರಿಸಿ ನೋಡಿ ಅಂದೆ. "ಏರುತ್ತೆ... ಇಳಿಯುತ್ತೆ," ಎಂದು ಅವರೇ ಹೇಳಿದರು, ಹುಬ್ಬು ಗಂಟಿಕ್ಕಿಕೊಂಡು. "ಸಿಟ್ಟು ಹಾಗೆ ಏರಿಳಿಯೋದನ್ನ ಎಲ್ಲಾದ್ರೂ ಕಂಡಿದ್ದೀರಾ?" ಎಂದು ಕೇಳಿದೆ.

ಬಾನೆಟ್ ಎತ್ತಿದೆ. ಇನ್ನೂರು ಜನ ಕತ್ತು ಚಾಚಿದರು. ಬ್ಯಾಟರಿಗೆ ಮೀಟರ್ ಇಟ್ಟೆ. ಹನ್ನೆರಡು ಪಾಯಿಂಟ್ ಒಂದು. ಓಡುವ ಇಂಜಿನ್ನಿಗೆ ಇದು ಏನೇನೂ ಸಾಲದು, ಚಾರ್ಜ್ ಬರುತ್ತಿಲ್ಲ. ಈಗ ಡೈನಮೋ. ಅದರ ಹಿಂದಿನ ಬೋಲ್ಟಿಗೆ ಮೀಟರಿನ ಕಡ್ಡಿ ಮುಟ್ಟಿಸಿದೆ. ಅಲ್ಲೂ ಹನ್ನೆರಡೇ ಬಂದರೆ ಮುಗಿಯಿತು ಕಥೆ. ಮೀಟರ್ ನೋಡಿದೆ. ಹದಿನೈದು! ಜೀವ ಬಂದ ಹಾಗಾಯಿತು. ಡೈನಮೋ ಚೆನ್ನಾಗಿದೆ, ಕರೆಂಟ್ ಹುಟ್ಟುತ್ತಿದೆ, ಬ್ಯಾಟರಿಗೆ ತಲುಪುತ್ತಿಲ್ಲ. ದಾರಿಯಲ್ಲೇ ಎಲ್ಲೋ ನಿಂತಿದೆ. ಇರುವುದೇ ಒಂದು ದಪ್ಪ ವೈರು, ಅದರ ಈ ತುದಿಗೂ ಆ ತುದಿಗೂ ಮೂರು ವೋಲ್ಟ್ ವ್ಯತ್ಯಾಸ.

"ಇಂಜಿನ್ ಆಫ್ ಮಾಡೇ," ಅಂದೆ. ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿ ಪಕ್ಕಕ್ಕಿಟ್ಟು, ಡೈನಮೋ ಹಿಂದಿನ ರಬ್ಬರ್ ಟೋಪಿ ಸರಿಸಿದೆ. ನಟ್ಟು ಬೆರಳಿಗೇ ತಿರುಗಿತು. ಕೆಳಗೆ ವೈರಿನ ತುದಿಯ ಉಂಗುರ ಹಸಿರು ಕಿಲುಬು ಹಿಡಿದು, ಹಳೇ ಹಿತ್ತಾಳೆ ಚೊಂಬಿನ ತಳದ ಹಾಗಾಗಿತ್ತು. ಅದನ್ನು ಬಿಚ್ಚಿ ಎತ್ತಿ ಎಲ್ಲರಿಗೂ ತೋರಿಸಿದೆ. "ನೋಡ್ಕೊಳ್ಳಿ! ಗಂಗಮ್ಮನ ಹೊಟ್ಟೆಯೊಳಗಿನ ವಿಷ ಇದೇ!"

ಎಮರಿ ಪೇಪರಿನಿಂದ ಉಜ್ಜಿದೆ. ತಾಮ್ರ ಕೆಂಪಗೆ ಕಂಡಿತು. ಬೋಲ್ಟನ್ನೂ ಉಜ್ಜಿ, ಉಂಗುರ ಕೂರಿಸಿ, ಸ್ಪ್ಯಾನರ್ ಹಾಕಿ ಬಿಗಿದೆ. ಬ್ಯಾಟರಿ ಸೇರಿಸಿದೆ. "ಸ್ಟಾರ್ಟ್ ಮಾಡು," ಅಂದೆ.

ವ್ಯಾನು ಒಂದೇ ಏಟಿಗೆ ಗುಡುಗಿತು. ಮೀಟರಿನಲ್ಲಿ ಹದಿನಾಲ್ಕು ಪಾಯಿಂಟ್ ಎರಡು. ರುದ್ರಮುನಿಯಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಆರಿತು," ಅಂದರು. "ದೀಪ ಆರಿತ್ರಪ್ಪಾ!"

ಆ ಗದ್ದಲ ಏನು ಹೇಳಲಿ! ಶಿಳ್ಳೆ, ಚಪ್ಪಾಳೆ. ಪರಮೇಶಿ ಟವೆಲ್ ಬೀಸಿ ಕುಣಿದ. ಮೊನ್ನೆ ವ್ಯಾನು ಕಂಡು ಆಚೆ ಬದಿಗೆ ಸರಿದ ತಾಯಂದಿರೇ ಮುಂದೆ ನುಗ್ಗಿ ಬಂದು "ನಮಗೆ ಮೊದಲೇ ಗೊತ್ತಿತ್ತು, ಗಂಗಮ್ಮ ಅಂಥವಳಲ್ಲ" ಅಂದರು. ಸರ್ವಮಂಗಳ ಕಣ್ಣೊರೆಸಿಕೊಂಡು "ನಾನು ದಿನಾ ದೀಪ ಹಚ್ಚಿ ಬೇಡ್ಕೊಂಡಿದ್ದೆ" ಅಂದಳು. ಗಂಗಮ್ಮ ಸ್ಟೀರಿಂಗ್ ಹಿಡಿದು ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಕೂತಿದ್ದಳು.

ಕೆಂಪು ದೀಪ ಮತ್ತೆ ಹತ್ತಿಕೊಂಡಿತು.

ಮೈದಾನ ಗಪ್‌ಚಿಪ್. ರುದ್ರಮುನಿಯಪ್ಪ ಒಮ್ಮೆ ದೀಪವನ್ನು, ಒಮ್ಮೆ ನನ್ನನ್ನು ನೋಡಿದರು. ಓಡಿಹೋಗಿ ಮೀಟರ್ ಹಿಡಿದೆ. ಹದಿನಾಲ್ಕು ಪಾಯಿಂಟ್ ಎರಡು. ಹೆಡ್‌ಲೈಟ್ ಹಾಕಿಸಿದೆ, ವೈಪರ್ ಹಾಕಿಸಿದೆ. ದೀಪ ಏರಲಿಲ್ಲ, ಇಳಿಯಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ. ಬಾನೆಟ್ ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

"ಅಪ್ಪಾರೆ, ವೈರು ಸರಿಯಾಗಿದೆ," ಅಂದೆ. "ಇದು ಅಸಲಿ ದೀಪ. ಸೋಮವಾರ ಅವಳಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಐದು ದಿನ ನಾವೆಲ್ಲ ಸೇರಿ ತುಂಬಿಸಿದ್ದೀವಿ. ಇಷ್ಟು ದಿನ ತನ್ನದೇ ತಪ್ಪೇನೋ ಅಂದ್ಕೊಂಡಿದ್ಲು, ವೈರಿನ ತಪ್ಪು ಅಂತ ಕಂಡ ಮೇಲೆ ಈಗ ಸಿಟ್ಟು ಹತ್ತಿದೆ. ಈಗ ನಿಂತು ಕೇಳಿ, ಕಟ್ಟುಪಾಡು ನಿಮ್ಮದೇ."

ಗಂಗಮ್ಮ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದಳು. ಅವಳ ದನಿ ಅಷ್ಟು ದೊಡ್ಡದೆಂದು ನನಗೆ ಆವತ್ತೇ ಗೊತ್ತಾದದ್ದು. "ಸರ್ವಮಂಗಳಕ್ಕ! ನನ್ನ ಕೀಲಿ ಹೋಗೋಕೆ ಮುಂಚೆನೇ ಲಟ್ಟಣಿಗೆ ತೊಳೆದ್ಯಲ್ಲ, ಎಷ್ಟು ಖುಷಿಯಾಗಿತ್ತು ನಿನಗೆ? ಆ ಮೂಲೆಗೆ ನಾನು ಹೆಣವಾಗಿಯೂ ಬರಲ್ಲ!" ಸರ್ವಮಂಗಳ ತಲೆ ತಗ್ಗಿಸಿ "ತಪ್ಪಾಯ್ತು ಕಣೆ" ಅಂದಳು. ತಾಯಂದಿರ ಸಾಲಿನಲ್ಲಿ ಒಬ್ಬರನ್ನೂ ಬಿಡಲಿಲ್ಲ ಅವಳು. ಯಾವ ಮಗುವಿಗೆ ಜ್ವರ ಬಂದಾಗ ಹೊತ್ತುಕೊಂಡು ಆಸ್ಪತ್ರೆಗೆ ಓಡಿದ್ದು, ಯಾವುದು ವ್ಯಾನಿನಲ್ಲಿ ವಾಂತಿ ಮಾಡಿದಾಗ ತನ್ನ ಸೆರಗಿನಿಂದ ಒರೆಸಿದ್ದು, ಎಲ್ಲ ಹೆಸರು ಹಿಡಿದು ಹೇಳಿದಳು. "ಅಂಥವಳ ವ್ಯಾನು ಕಂಡು ಆಚೆ ಬದಿಗೆ ಹೋದ್ರಿ!" ಕೊನೆಗೆ ಪಕ್ಕದಲ್ಲೇ ಕೂತಿದ್ದವರ ಕಡೆಗೆ ತಿರುಗಿದಳು. "ಅಪ್ಪಾರೆ, ನನ್ನ ಹೊಟ್ಟೇಲಿ ವಿಷ ಅಂದ್ರಿ. ಮನೆ ಬಾಗಿಲಲ್ಲಿ ನಿಂತು ಅಂದ್ರಿ. ನೀವು ನನ್ನ ಮದುವೇಲಿ ಅಕ್ಷತೆ ಹಾಕಿದವರು." ರುದ್ರಮುನಿಯಪ್ಪ ಸೀಟಿನಲ್ಲಿ ಕುಗ್ಗಿಹೋಗಿದ್ದರು. ಎರಡೂ ಕೈ ಜೋಡಿಸಿ, "ನನ್ನದು ತಪ್ಪು, ತಾಯಿ. ಎಲ್ಲರೆದುರು ಹೇಳ್ತೀನಿ, ನನ್ನದು ತಪ್ಪು," ಅಂದರು.

ಜನ ದೀಪದ ಕಡೆ ನೋಡಿದರು. ಅದು ಇನ್ನೂ ಉರಿಯುತ್ತಿತ್ತು.

ಗಂಗಮ್ಮನಿಗೆ ಏದುಸಿರು ಬಂದಿತ್ತು. ಅವಳು ಮುಂದಿನ ಗಾಜಿನಾಚೆಗೆ, ಎತ್ತಿದ ಬಾನೆಟ್ಟಿನ ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ನಿಂತಿದ್ದ ನನ್ನನ್ನು ನೋಡಿದಳು. ಆಗ ನನ್ನ ನಗು ನಿಂತಿತು.

"ಪಂಕಜಿ," ಅಂದಳು, ಕೂಗಲಿಲ್ಲ. "ಸೋಮವಾರ ಎಲ್ಲರಿಗಿಂತ ಮೊದಲು ನಿನ್ನ ಹತ್ರನೇ ಬಂದೆ. ಹೊಟ್ಟೇಲಿ ಏನೂ ಇಲ್ಲ ಅಂದೆ. ಮೀಟರು ನಿನ್ನ ಕೈಗೆ ಎಟಕೋ ಗೋಡೆ ಮೇಲೇ ನೇತಾಡ್ತಿತ್ತು. ನೀನೂ ನನ್ನ ನಂಬಲಿಲ್ಲ ಕಣೆ."

ಕಟ್ಟುಪಾಡಿತ್ತು, ಬಾನೆಟ್ ಎತ್ತಬಾರದಿತ್ತು ಅನ್ನಬಹುದಿತ್ತು. ಅದು ಸುಳ್ಳು. ಶಟರ್ ಎಳೆದು ಗಂಡನ ಕಾರಿನ ಬಾನೆಟ್ ಎತ್ತಿದವಳು ನಾನೇ. "ಹೌದು, ಗಂಗಮ್ಮ," ಅಂದೆ. "ನಂಬಲಿಲ್ಲ. ಮೇಕೆ ಹತ್ರ ಮಾತಾಡಿದಾಗ ನಕ್ಕೆ ಕೂಡ." ನನ್ನ ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು, ಇನ್ನೂರು ಜನರೆದುರು, ಗ್ರೀಸ್ ಕೈಯಲ್ಲೇ ಒರೆಸಿಕೊಂಡೆ.

"ಆರಿತು," ಅಂದರು ರುದ್ರಮುನಿಯಪ್ಪ, ಮೆಲ್ಲಗೆ.

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಗಂಗಮ್ಮ ದೀಪವಿದ್ದ ಜಾಗವನ್ನು ಒಮ್ಮೆ ನೋಡಿ, ಸೆರಗು ಎಳೆದು ಪಿನ್ನು ಸಿಕ್ಕಿಸಿಕೊಂಡಳು. ಅಧ್ಯಕ್ಷರ ಕಡೆ ತಿರುಗಿ, "ಅಪ್ಪಾರೆ, ಇಳೀರಿ. ಅದು ಮಕ್ಕಳು ಕೂರೋ ಸೀಟು," ಅಂದಳು. ಅವರು ಪಂಚೆ ಎತ್ತಿಕೊಂಡು ಗಡಿಬಿಡಿಯಿಂದ ಇಳಿದರು. ಬಾಗಿಲು ತೆರೆದದ್ದೇ ತಡ, ಇಪ್ಪತ್ತೆರಡು ಮಕ್ಕಳೂ ಅಮ್ಮಂದಿರ ಕೈ ಬಿಡಿಸಿಕೊಂಡು, ಒಬ್ಬರ ಮೇಲೊಬ್ಬರು ಬಿದ್ದು ವ್ಯಾನಿನೊಳಗೆ ನುಗ್ಗಿದವು.

ಗಂಗಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಐದು ದಿನದ ಮೇಲೆ ಅವಳ ಮುಖದಲ್ಲಿ ನಗು ನೋಡಿದೆ.

"ಅಳ್ತಾ ನಿಂತ್ರೆ ಹೇಗೆ? ಬಾನೆಟ್ ಮುಚ್ಚೇ ಪಂಕಜಿ, ರಸ್ತೆ ಕಾಣ್ತಿಲ್ಲ ನನಗೆ."

ಮುಚ್ಚಿದೆ.